ಎರಡು ಪುರಸಭೆಗಳು ಒಂದಾಗುವಾಗ ಕರಡು ಬರೆಯುವುದು ಹೇಗೆ?

ಅಕ್ಕಪಕ್ಕದ ಎರಡು ಊರುಗಳು ಒಂದೇ ಆಡಳಿತದಡಿ ಬರಬೇಕೆಂಬ ಮಾತು ಎದ್ದಾಗಲೆಲ್ಲ ಎರಡೂ ಪುರಸಭೆಗಳ ಜಂಟಿ ನಿರ್ಣಯದ ಕರಡಿನಲ್ಲಿ ಮೊದಲು ಸಿದ್ಧವಾಗುವುದು ಪೀಠಿಕೆ. ಸೋದರಭಾವ, ಇತಿಹಾಸ, ಸರ್ವಾಂಗೀಣ ಅಭಿವೃದ್ಧಿ ಎಂದು ಎರಡು ಪುಟ ತುಂಬಿದ ಮೇಲೆ, ಸಾಲ ಯಾರು ತೀರಿಸಬೇಕು ಎಂಬುದಕ್ಕೆ ಒಂದೇ ಸಾಲು ಉಳಿದಿರುತ್ತದೆ: ‘ಈ ಬಗ್ಗೆ ಮುಂದೆ ಪರಸ್ಪರ ಚರ್ಚಿಸಿ ತೀರ್ಮಾನಿಸಲಾಗುವುದು.’ ನಾನು ಓದಿದ ಇಂಥ ಕರಡುಗಳಲ್ಲಿ ಈ ವಾಕ್ಯವಿಲ್ಲದ ಒಂದನ್ನೂ ಕಂಡಿಲ್ಲ. ಅಭ್ಯಾಸಕ್ಕೆಂದು ನಮ್ಮ ಚಿಕ್ಕಮಗಳೂರು ಜಿಲ್ಲೆಯ ಕಡೂರು ಮತ್ತು ಬೀರೂರನ್ನೇ ಇಟ್ಟುಕೊಳ್ಳೋಣ. ಒಂದೇ ತಾಲ್ಲೂಕು, ಎರಡು ಪುರಸಭೆ, ನಡುವೆ ಆರೇಳು ಕಿಲೋಮೀಟರ್. ಶಿವಮೊಗ್ಗದ ರೈಲು ಬೀರೂರಿನಲ್ಲಿ ಕವಲೊಡೆದರೆ, ಚಿಕ್ಕಮಗಳೂರಿನದು 2013ರಿಂದ ಕಡೂರಿನಲ್ಲಿ ಕವಲೊಡೆಯುತ್ತಿದೆ.

ಮೊದಲು ನಿಮ್ಮ ಕೈಯಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗುರುತಿಸಿಕೊಳ್ಳಿ. ಅಮೆರಿಕದ ಹಲವು ನಗರಗಳಂತೆ ನಮ್ಮ ಊರುಗಳು ತಮ್ಮ ಆಡಳಿತದ ಸನ್ನದನ್ನು ತಾವೇ ಬರೆದುಕೊಳ್ಳಲಾರವು. ಸಂವಿಧಾನದ 243ಕ್ಯೂ ವಿಧಿ ಮತ್ತು 1964ರ ಕರ್ನಾಟಕ ಪುರಸಭೆಗಳ ಅಧಿನಿಯಮದ ಪ್ರಕಾರ ವಿಲೀನವಾಗುವುದು ಸರ್ಕಾರದ ಅಧಿಸೂಚನೆಯಿಂದ. ನಗರಸಭೆಯಾಗಲು ಕನಿಷ್ಠ 50,000 ಜನಸಂಖ್ಯೆ ಬೇಕು; 2011ರ ಜನಗಣತಿಯಂತೆ ಕಡೂರು, ಬೀರೂರು ಸೇರಿದರೆ ಆ ಗೆರೆ ದಾಟುತ್ತದೆ. ನೀವು ಬರೆಯುವ ಜಂಟಿ ನಿರ್ಣಯವು ಸರ್ಕಾರದ ಮುಂದಿಡುವ ಕೋರಿಕೆಯಷ್ಟೇ. ಆದ್ದರಿಂದ ‘ಮೊದಲ ಅವಧಿಗೆ ಆ ಊರಿನ ಅಧ್ಯಕ್ಷರು, ನಂತರ ಈ ಊರಿನವರು’ ಎಂದು ಬರೆಯಬೇಡಿ. ಅಧ್ಯಕ್ಷ ಸ್ಥಾನದ ಮೀಸಲಾತಿ ಸರದಿಯನ್ನಾಗಲಿ ವಾರ್ಡುಗಳ ವಿಂಗಡಣೆಯನ್ನಾಗಲಿ ನಿರ್ಧರಿಸುವುದು ಸರ್ಕಾರ. ಕಾನೂನಿಗೆ ಹೊಂದದ ಇಂಥ ಒಂದು ಷರತ್ತು ಸಾಕು, ಇಡೀ ಕಡತ ಆಕ್ಷೇಪಣೆಯೊಂದಿಗೆ ಹಿಂದಿರುಗಿ ಬರಲು.

ಎರಡನೆಯದು ಗಡಿ. ನಡುವಿನ ಆರೇಳು ಕಿಲೋಮೀಟರ್ ಖಾಲಿ ಜಾಗವಲ್ಲ. ಅಲ್ಲಿನ ಹಳ್ಳಿಗಳು ಗ್ರಾಮ ಪಂಚಾಯಿತಿಗಳಿಗೆ ಸೇರಿವೆ. ನಗರದ ವ್ಯಾಪ್ತಿಗೆ ಬಂದೊಡನೆ ಅವರ ಗ್ರಾಮೀಣ ಉದ್ಯೋಗ ಖಾತರಿಯ ಕೆಲಸ ನಿಲ್ಲುತ್ತದೆ, ಮನೆಗಂದಾಯದ ಲೆಕ್ಕ ಬದಲಾಗುತ್ತದೆ, ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ರ ಜಾಗಕ್ಕೆ ನಗರದ ದಾಖಲೆಯಾದ ಇ-ಆಸ್ತಿಯ ನಮೂನೆ 3 ಬರಬೇಕಾಗುತ್ತದೆ. ಈ ಮೂರನೆಯವರನ್ನು ಮಾತುಕತೆಗೆ ಕರೆಯದೆ ನಕ್ಷೆ ಬರೆಯುವುದು ಬಂಡೆಯ ಮೇಲೆ ಬಿತ್ತಿದಂತೆ. ಸರ್ವೆ ನಂಬರುಗಳನ್ನು ಒಂದೊಂದಾಗಿ ನಮೂದಿಸಿ. ‘ಸುತ್ತಮುತ್ತಲ ಪ್ರದೇಶ’ ಎಂಬ ಪದ ಕರಡಿನಲ್ಲಿ ಎಲ್ಲಿಯೂ ಇರಕೂಡದು.

ಇನ್ನು ಎಲ್ಲರೂ ಎಡವುವ ಜಾಗಕ್ಕೆ, ಅಂದರೆ ಆಸ್ತಿ ಮತ್ತು ಹೊಣೆಗಳ ಅನುಬಂಧಕ್ಕೆ ಬರೋಣ. ಕರಡಿನ ಕೆಲಸ ಇಲ್ಲಿಂದಲೇ ಆರಂಭವಾಗಬೇಕು. ಪೀಠಿಕೆಯನ್ನು ಕೊನೆಯ ದಿನ ಅರ್ಧ ಪುಟದಲ್ಲಿ ಬರೆದರೂ ನಷ್ಟವಿಲ್ಲ. ಮಾರ್ಚ್ 31 ಅನ್ನು ಲೆಕ್ಕ ಮುಚ್ಚುವ ದಿನವೆಂದು ಇಟ್ಟುಕೊಂಡು, ಎರಡೂ ಪುರಸಭೆಗಳ ನಗದು ಪುಸ್ತಕವನ್ನು ಬ್ಯಾಂಕ್ ಪಾಸ್‌ಬುಕ್ಕಿನೊಡನೆ ತಾಳೆ ನೋಡಿ. ಆಸ್ತಿಯ ಪಟ್ಟಿ ಸುಲಭ: ಕಟ್ಟಡ, ವಾಹನ, ನಿವೇಶನ, ಬಾಡಿಗೆಗೆ ಕೊಟ್ಟ ಮಳಿಗೆ. ಮಳಿಗೆಯ ಮುಂದೆ ಬಾಡಿಗೆದಾರರ ಠೇವಣಿಯನ್ನೂ ಬರೆಯಬೇಕೆಂಬುದನ್ನು ಬಹುತೇಕರು ಮರೆಯುತ್ತಾರೆ. ಅದು ಆಸ್ತಿಯಲ್ಲ, ಮರಳಿಸಬೇಕಾದ ಹಣ. ಗುತ್ತಿಗೆದಾರರ ಬಿಲ್ಲಿನಿಂದ ಹಿಡಿದಿಟ್ಟ ಭದ್ರತಾ ಠೇವಣಿಯೂ ಹಾಗೆಯೇ. ಆಸ್ತಿ ತೆರಿಗೆಯೊಡನೆ ವಸೂಲಿ ಮಾಡಿದ ಗ್ರಂಥಾಲಯ ಕರ ಮತ್ತು ಭಿಕ್ಷುಕರ ಕರ ಪುರಸಭೆಯ ಹಣವೇ ಅಲ್ಲ. ಅದನ್ನು ಸಂಬಂಧಪಟ್ಟವರಿಗೆ ಕಟ್ಟದೆ ಖರ್ಚು ಮಾಡಿದ್ದರೆ ಅದೂ ಸಾಲವೇ. ಬೀದಿ ದೀಪ ಮತ್ತು ನೀರಿನ ಪಂಪುಗಳ ವಿದ್ಯುತ್ ಬಾಕಿ, ಹೊರಗುತ್ತಿಗೆ ನೌಕರರ ಭವಿಷ್ಯ ನಿಧಿಯ ಬಾಕಿ, ನ್ಯಾಯಾಲಯದಲ್ಲಿರುವ ಪರಿಹಾರದ ಮೊಕದ್ದಮೆಗಳು, ಇವೆಲ್ಲಕ್ಕೂ ಒಂದೊಂದು ಸಾಲು ಮೀಸಲಿಡಿ.

ಬಾಕಿ ಬರಬೇಕಾದ ತೆರಿಗೆಯ ವಿಷಯದಲ್ಲಿ ನನ್ನ ಸಲಹೆ ಕಟುವಾಗಿದೆ: ಡಿಸಿಬಿ (ಬೇಡಿಕೆ, ವಸೂಲಿ, ಬಾಕಿ) ವಹಿಯಲ್ಲಿರುವ ಮೊತ್ತವನ್ನು ಪೂರ್ತಿ ಆಸ್ತಿಯೆಂದು ನಂಬಬೇಡಿ. ಐದು ವರ್ಷಕ್ಕಿಂತ ಹಳೆಯ ಬಾಕಿಯನ್ನು ಪ್ರತ್ಯೇಕ ಕಾಲಂನಲ್ಲಿ ತೋರಿಸಿ, ಬಂದರೆ ಬರಲಿ ಎಂದು ಬದಿಗಿಡಿ. ನಾನು ಕಂಡ ಒಂದು ಕರಡಿನಲ್ಲಿ, ಊರಿನ ಹೆಸರು ಬೇಡ, ಎಂದೋ ಕೆಡವಿದ ಟಾಕೀಸಿನ ತೆರಿಗೆ ಬಾಕಿಯೂ ಸೇರಿಕೊಂಡು, ಮುಳುಗಿದ್ದ ಪುರಸಭೆ ಕಾಗದದ ಮೇಲೆ ಶ್ರೀಮಂತವಾಗಿ ಕಂಡಿತ್ತು.

ತೆರಿಗೆ ದರ ಸಮಮಾಡುವ ಅವಧಿಯನ್ನೂ ಇಲ್ಲೇ ಬರೆಯಿರಿ. ಐದು ವರ್ಷ ಎನ್ನುವವರು ಹೆಚ್ಚು. ನಾನು ಮೂರು ವರ್ಷ ಎನ್ನುತ್ತೇನೆ. ಚುನಾಯಿತ ಪುರಸಭೆಯ ಅವಧಿಯೇ ಐದು ವರ್ಷವಾದ್ದರಿಂದ, ಏರಿಕೆಯ ಕೊನೆಯ ಕಂತನ್ನು ಚುನಾವಣೆಯ ಹೊಸ್ತಿಲಲ್ಲಿ ಜಾರಿಮಾಡುವ ಸದಸ್ಯರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ. ಪ್ರತಿ ವರ್ಷದ ದರವನ್ನು ಅಂಕಿಯಲ್ಲೇ ಬರೆಯಿರಿ, ‘ಹಂತಹಂತವಾಗಿ’ ಎನ್ನಬೇಡಿ. ಬಂಡವಾಳ ವೆಚ್ಚದಲ್ಲಿ ಚಿಕ್ಕ ಊರಿಗೆ ಅಷ್ಟೇ ಅವಧಿಗೆ ಕನಿಷ್ಠ ಪಾಲು ಗೊತ್ತುಮಾಡುವುದೂ ಅಗತ್ಯ. ಹುಬ್ಬಳ್ಳಿ–ಧಾರವಾಡ ಒಂದೇ ಪಾಲಿಕೆಯಾದದ್ದು 1962ರಲ್ಲಿ. ಅನುದಾನದಲ್ಲಿ ತಮಗೆ ಪಾಲು ಸಾಲದು ಎಂಬ ಧಾರವಾಡದವರ ಕೊರಗು ತೀರದೆ, 2025ರ ಜನವರಿಯಲ್ಲಿ ಪ್ರತ್ಯೇಕ ಪಾಲಿಕೆಗೆ ಸಚಿವ ಸಂಪುಟ ಒಪ್ಪಿಗೆ ನೀಡಬೇಕಾಯಿತು.

ಸಿದ್ಧ ಮಾದರಿಗಳ ಬಗ್ಗೆ ಒಂದು ಮಾತು. ಇಂಗ್ಲಿಷ್ ಒಪ್ಪಂದವೊಂದನ್ನು ಯಂತ್ರಾನುವಾದಕ್ಕೆ ಹಾಕಿ ತಂದವರೊಬ್ಬರ ಪ್ರತಿಯಲ್ಲಿ ‘ಷೆಡ್ಯೂಲ್’ ಎಂಬ ಪದಕ್ಕೆ ‘ಆಸ್ತಿಗಳ ಅನುಸೂಚಿ’ ಎಂದಿರಬೇಕಾದಲ್ಲಿ ‘ಆಸ್ತಿಗಳ ವೇಳಾಪಟ್ಟಿ’ ಎಂದಿತ್ತು. ಯುನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಬೆರಳಚ್ಚು ಮಾಡಿಸಿದರೆ ಇನ್ನೊಂದು ಕಚೇರಿಯ ಕಂಪ್ಯೂಟರಿನಲ್ಲಿ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತವೆ.

ನೌಕರರ ವಿಷಯದಲ್ಲಿ ನೀರುಗಂಟಿ, ಚಾಲಕ, ಲೋಡರುಗಳ ಸೇವಾವಧಿಯನ್ನು ಸೇರಿದ ದಿನಾಂಕ ಸಹಿತ ದಾಖಲಿಸಿ. ಕಚೇರಿ ಎಲ್ಲಿದ್ದರೂ, ಜನನ–ಮರಣ ಪತ್ರ ಮತ್ತು ತೆರಿಗೆ ಕಟ್ಟುವ ಕಿಟಕಿ ಎರಡೂ ಊರಿನಲ್ಲಿರಲಿ.

ಹೆಸರನ್ನು ಮತಕ್ಕೆ ಹಾಕುವುದಾದರೆ ಎರಡೇ ಆಯ್ಕೆ ಕೊಡಿ. ಕೆನಡಾದ ಫೋರ್ಟ್ ವಿಲಿಯಂ ಮತ್ತು ಪೋರ್ಟ್ ಆರ್ಥರ್ 1970ರಲ್ಲಿ ಒಂದಾಗುವ ಮುನ್ನ ಮತಪತ್ರದಲ್ಲಿ ‘ಲೇಕ್‌ಹೆಡ್’, ‘ದಿ ಲೇಕ್‌ಹೆಡ್’ ಎಂದು ಒಂದೇ ಹೆಸರು ಎರಡು ಬಾರಿ ಇದ್ದುದರಿಂದ ಮತ ಒಡೆದು, ‘ಥಂಡರ್ ಬೇ’ ಗೆದ್ದಿತು.

ಕೊನೆಗೆ ಎರಡೂ ಪುರಸಭೆಗಳ ವಿಶೇಷ ಸಭೆಯಲ್ಲಿ ಅಕ್ಷರ ವ್ಯತ್ಯಾಸವಿಲ್ಲದ ಒಂದೇ ಪಠ್ಯವನ್ನು ಅಂಗೀಕರಿಸಿ, ಅನುಬಂಧದ ಪ್ರತಿ ಪುಟಕ್ಕೂ ಇಬ್ಬರೂ ಮುಖ್ಯಾಧಿಕಾರಿಗಳ ಸಹಿ ಹಾಕಿಸಿ, ಖಾಲಿ ಉಳಿದ ಸಾಲುಗಳಿಗೆ ಅಡ್ಡಗೆರೆ ಎಳೆದು ಜಿಲ್ಲಾಧಿಕಾರಿಗಳ ಮೂಲಕ ಪೌರಾಡಳಿತ ನಿರ್ದೇಶನಾಲಯಕ್ಕೆ ಕಳುಹಿಸಿ.