ಸ್ಟಿಕ್ ಸವೆದ ಮೇಲೆ

ಬೆಂಗಳೂರಿನ ವಿಜಯನಗರದಿಂದ ವೈಟ್‌ಫೀಲ್ಡ್‌ಗೆ ಮೆಟ್ರೋದಲ್ಲಿ ಒಂದು ಗಂಟೆಗೂ ಮೇಲೆ. ಸಂಜೆ ಮನೆಗೆ ಬಂದರೆ ಟಿವಿ ಅಮ್ಮನ ಧಾರಾವಾಹಿಗೆ. ಒಂಬತ್ತೂವರೆ ತನಕ ರಿಮೋಟ್ ಮುಟ್ಟುವ ಹಾಗಿಲ್ಲ. ನಾನು ಹೈಬ್ರಿಡ್ ಕನ್ಸೋಲ್, ಅಂದರೆ ಕೈಯಲ್ಲೂ ಟಿವಿಯಲ್ಲೂ ಆಡಬಹುದಾದ ಗೇಮ್ ಯಂತ್ರ, ತೊಗೊಂಡಿದ್ದೇ ಇದಕ್ಕೆ. ಅಮ್ಮ ಎದ್ದ ಮೇಲೆ ಟಿವಿಗೆ ಜೋಡಿಸಿದ ಡಾಕ್ ಅನ್ನುವ ಸ್ಟ್ಯಾಂಡಿಗೆ ಸಿಗಿಸಿದರೆ ಸಾಕು, ಮೆಟ್ರೋದಲ್ಲಿ ಬಿಟ್ಟಲ್ಲಿಂದಲೇ ಆಟ ಟಿವಿಯಲ್ಲಿ ಶುರು.

ಮೂರನೇ ವರ್ಷಕ್ಕೆ, ಕಂಟ್ರೋಲರಿನ ಪುಟ್ಟ ಸ್ಟಿಕ್ ಮೇಲೆ ನಾನು ಬೆರಳೇ ಇಡದಿದ್ದರೂ ಆಟದೊಳಗಿನವನು ತಾನಾಗಿ ಎಡಕ್ಕೆ ನಡೆಯತೊಡಗಿದ. ಇದಕ್ಕೇ ಡ್ರಿಫ್ಟ್ ಅನ್ನುವುದು. ಹೊರದೇಶದಿಂದ ತರಿಸಿದ್ದು, ವಾರಂಟಿ ಮಾತೇ ಇಲ್ಲ. ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿನಲ್ಲಿ ಒಬ್ಬರು "ಕಂಟ್ರೋಲರೇ ಹೊಸದು ತೊಗೊಳ್ಳಿ ಸಾರ್" ಅಂದರು. ಪಕ್ಕದ ಅಂಗಡಿಯವರು ಡಬ್ಬಿಯಿಂದ ಬರೀ ಸ್ಟಿಕ್ ತೆಗೆದುಕೊಟ್ಟು, "ನೀವೇ ಹಾಕ್ಕೋಬಹುದು, ಮೂರು ಸೀಳಿನ ಸ್ಕ್ರೂಡ್ರೈವರ್ ಒಂದು ಬೇಕು" ಅಂದರು.

ಭಾನುವಾರ ಊಟದ ತಟ್ಟೆಯಲ್ಲೇ ಬಿಚ್ಚಿದೆ, ಸ್ಕ್ರೂ ಉರುಳಿಹೋಗಬಾರದಲ್ಲ. ರಿಬ್ಬನ್ ಕೇಬಲ್ ಹಿಡಿದಿಡುವ ಪುಟ್ಟ ಕಪ್ಪು ಚಿಲಕವನ್ನು ಉಗುರಿನಿಂದ ಮೇಲಕ್ಕೆತ್ತಬೇಕು. ನಾನು ಎಳೆದೆ. ಸಿಡಿದು ಎಲ್ಲೋ ಹೋಯಿತು. ಅರ್ಧ ಗಂಟೆ ಮೊಬೈಲ್ ಟಾರ್ಚ್ ಹಾಕಿಕೊಂಡು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕಿದೆ. "ಏನೋ ಅದು, ಎಳ್ಳು ಚೆಲ್ಲಿದ್ಯಾ?" ಅಂತ ಅಮ್ಮ. ಕೊನೆಗೆ ಸಿಕ್ಕಿದ್ದೂ ಅವರಿಗೇ.

ಕುತೂಹಲಕ್ಕೆ ಹಳೇ ಸ್ಟಿಕ್ಕನ್ನೂ ಒಡೆದು ನೋಡಿದೆ. ಒಳಗೆ ಕಪ್ಪು ಇಂಗಾಲದ ಪಟ್ಟಿ, ಅದರ ಮೇಲೆ ಕೂದಲೆಳೆಯಷ್ಟು ಸಣ್ಣ ಲೋಹದ ಕಾಲುಗಳು. ಅವು ಓಡಾಡಿದ ಜಾಗದಲ್ಲಿ ಪಟ್ಟಿ ಸವೆದು ಮಸುಕಾದ ಗೆರೆ, ಸುತ್ತ ಕರಿ ಪುಡಿ. ಇನ್ನು ಹೊಸದು ಹಾಲ್ ಎಫೆಕ್ಟ್ ಸ್ಟಿಕ್: ಅಯಸ್ಕಾಂತ ಅಲುಗುತ್ತದೆ, ಸೆನ್ಸರ್ ದೂರದಿಂದಲೇ ಅಳೆಯುತ್ತದೆ, ಅಳೆಯುವ ಕಡೆ ಒಂದಕ್ಕೊಂದು ಉಜ್ಜುವುದೇ ಇಲ್ಲ. ಹಾಕಿದ ಮೇಲೂ ಗುರಿ ಓರೆಯಾಗಿತ್ತು. ಸೆಟ್ಟಿಂಗ್ಸ್‌ನಲ್ಲಿ ಕ್ಯಾಲಿಬ್ರೇಟ್ ಮಾಡುವುದನ್ನೇ, ಅಂದರೆ ಸ್ಟಿಕ್ಕಿನ ನಡುಬಿಂದು ಯಾವುದು ಅಂತ ಕನ್ಸೋಲ್‌ಗೆ ತಿಳಿಸುವುದನ್ನೇ, ಮರೆತಿದ್ದೆ.

ಆಮೇಲಿನಿಂದ ಹೊಸ ಕನ್ಸೋಲ್ ಬಂದಾಗ ನಾನು ನೋಡುವುದೇ ಬೇರೆ. 2017ರ ನಿಂಟೆಂಡೊ ಸ್ವಿಚ್‌ಗೆ 6.2 ಇಂಚಿನ 720ಪಿ ಪರದೆ ಇತ್ತು. 2025ರ ಜೂನ್ 5ಕ್ಕೆ ಬಂದ ಸ್ವಿಚ್ 2ಕ್ಕೆ 7.9 ಇಂಚು, 1080ಪಿ, 120 ಹರ್ಟ್ಸ್. ಡಾಕ್‌ನಲ್ಲಿಟ್ಟರೆ ಟಿವಿಗೆ 4ಕೆ ಸ್ಪಷ್ಟತೆಯ ತನಕ. 2022ರ ಸ್ಟೀಮ್ ಡೆಕ್ಕಂತೂ ಪಿಸಿ ಆಟಗಳನ್ನೇ ಅಂಗೈಗೆ ತಂದಿತು. ಎಲ್ಲ ಸರಿ. ಆದರೆ ಸ್ವಿಚ್ 2ರ ಸ್ಟಿಕ್ ಹಾಲ್ ಎಫೆಕ್ಟ್ ಅಲ್ಲ ಅಂತ ನಿಂಟೆಂಡೊನೇ ಹೇಳಿದೆ. ಬ್ಯಾಟರಿ, ಅವರದೇ ಲೆಕ್ಕದಲ್ಲಿ, ಆಟ ನೋಡಿಕೊಂಡು ಎರಡರಿಂದ ಆರೂವರೆ ಗಂಟೆ. ಟಿವಿಗೆ ಅಂಟಿಕೊಂಡ ಕನ್ಸೋಲ್‌ಗೆ ಈ ಬ್ಯಾಟರಿ ತಲೆನೋವಿಲ್ಲ. ಬ್ಯಾಗಿನಲ್ಲಿ ತಿರುಗುವ ಕನ್ಸೋಲ್‌ನಲ್ಲಿ ಮೊದಲು ಸಾಯುವುದೇ ಸ್ಟಿಕ್ ಮತ್ತು ಬ್ಯಾಟರಿ.

ಹಾಗಾಗಿ ನಾನು ಕಾಯುತ್ತಿರುವುದು 4ಕೆಗಲ್ಲ, ಯುರೋಪಿನ ಒಂದು ಕಾನೂನಿಗೆ. 2027ರ ಫೆಬ್ರವರಿ 18ರಿಂದ ಅಲ್ಲಿ ಮಾರುವ ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ಬಿಚ್ಚಿ ಬದಲಿಸುವಂತಿರಬೇಕು. ಅಲ್ಲಿಗಂತ ಮಾಡಿದ್ದು ನಮ್ಮ ಎಸ್.ಪಿ. ರೋಡಿಗೂ ಬಂದೀತು ಅನ್ನುವ ಆಸೆ.

ಸದ್ಯಕ್ಕೆ ನನ್ನದರ ಬ್ಯಾಟರಿ ವೈಟ್‌ಫೀಲ್ಡ್ ಇರಲಿ, ದಾರಿ ಮಧ್ಯದ ಬೈಯಪ್ಪನಹಳ್ಳಿ ದಾಟುವಷ್ಟರಲ್ಲೇ ಕೆಂಪಾಗುತ್ತಿದೆ. ಒಳಗೆ ಗಟ್ಟಿ ಅಂಟು ಹಾಕಿ ಕೂರಿಸಿದ್ದಾರೆ. ಅಂಟು ಸಡಿಲಿಸಲು ಐಸೊಪ್ರೊಪೈಲ್ ಆಲ್ಕೋಹಾಲ್ ಬಾಟಲಿ ತಂದಿಟ್ಟಿದ್ದೇನೆ, ತಟ್ಟೆಯೂ ತೊಳೆದಿದೆ.