ಓಟರ್ ಲಿಸ್ಟಿನಿಂದ ಬೂತಿನವರೆಗೆ: ಕ್ಷೇತ್ರದ ದತ್ತಾಂಶ ನಾನು ಸಿದ್ಧಪಡಿಸುವ ಬಗೆ

ವಿಧಾನಸಭಾ ಕ್ಷೇತ್ರವೊಂದರ ಚುನಾವಣಾ ಪ್ರಚಾರದ ಕೆಲಸ ಹಿಡಿದಾಗ ನಾನು ಮೊದಲು ಕೈಹಾಕುವುದು ಮತದಾರರ ಪಟ್ಟಿಗೆ. ಯಾರು ಯಾರಿಗೆ ಓಟು ಹಾಕುತ್ತಾರೆಂದು ಊಹಿಸುವುದು ಆಮೇಲಿನ ಮಾತು. ಹೆಸರು ಬಿಟ್ಟುಹೋದವರನ್ನು ಹುಡುಕಿ ಪಟ್ಟಿಗೆ ಸೇರಿಸುವಷ್ಟು ಉಪಯೋಗದ ಕೆಲಸ ಎಐನಿಂದ ಮತ್ತೊಂದಿಲ್ಲ.

ಪಟ್ಟಿ ಸಿಗುವುದು ಭಾಗವಾರು (ಬೂತಿಗೊಂದು ಭಾಗ) ಪಿಡಿಎಫ್ ಆಗಿ, ಅದೂ ಬರೀ ಚಿತ್ರರೂಪದಲ್ಲಿ. ಪುಟಕ್ಕೆ ಮೂರು ಕಾಲಂ, ಒಟ್ಟು 30 ಚೌಕ. ಇಡೀ ಪುಟವನ್ನು ಒಮ್ಮೆಗೇ ಓಸಿಆರ್‌ಗೆ (ಚಿತ್ರದಲ್ಲಿರುವ ಅಕ್ಷರ ಓದುವ ತಂತ್ರಾಂಶಕ್ಕೆ) ಕೊಟ್ಟರೆ ಪಕ್ಕದ ಚೌಕದ ಗಂಡನ ಹೆಸರು ಈ ಚೌಕಕ್ಕೆ ಬಂದು ಕೂರುತ್ತದೆ. ಆದ್ದರಿಂದ ಗೆರೆ ಗುರುತಿಸಿ, ಚೌಕಗಳನ್ನು ಕತ್ತರಿಸಿ, ಒಂದೊಂದನ್ನೇ ಓದಿಸುತ್ತೇನೆ. ಟೆಸೆರಾಕ್ಟ್ ಎಂಬ ಓಸಿಆರ್‌ ತಂತ್ರಾಂಶದಲ್ಲಿ ಕನ್ನಡ ಇದೆ, ಆದರೆ ಒತ್ತಕ್ಷರದಲ್ಲಿ ಎಡವುತ್ತದೆ. ಹಾಗಾಗಿ ಹೆಸರನ್ನು ನಂಬಿ ಹಳೆಯ, ಹೊಸ ಪಟ್ಟಿ ಹೋಲಿಸಬಾರದು, ಗುರುತಿನ ಚೀಟಿಯ ಸಂಖ್ಯೆಯನ್ನೇ ಆಧಾರ ಮಾಡಿಕೊಳ್ಳಬೇಕು. ಈಗಿನ ಚೀಟಿಗಳಲ್ಲಿ ಅದು ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಮೊದಲ ಮೂರು ಸ್ಥಾನದಲ್ಲಿ ಸೊನ್ನೆ ಕಂಡರೆ ಅದು ‘ಓ’ ಅಕ್ಷರ, ಮುಂದಿನ ಏಳರಲ್ಲಿ ‘ಓ’ ಕಂಡರೆ ಅದು ಸೊನ್ನೆ. ಈ ಒಂದು ನಿಯಮದಿಂದಲೇ ಬಹುಪಾಲು ತಪ್ಪು ಸರಿಹೋಗುತ್ತದೆ. ಚೌಕದ ಮೇಲೆ ಅಡ್ಡಲಾಗಿ ‘ಡಿಲೀಟೆಡ್’ ಎಂದು ಬಿದ್ದಿದ್ದರೆ ಯಂತ್ರ ಓದುವುದೇ ಇಲ್ಲ, ಅವನ್ನು ಕೈಯಲ್ಲೇ ಬರೆದುಕೊಳ್ಳಬೇಕು.

ಹಳೆಯ ಪಟ್ಟಿ, ಹೊಸ ಪಟ್ಟಿ ಹೋಲಿಸಿದ ಮೇಲೆ ಅಳಿಸಿದ ಹೆಸರುಗಳನ್ನು ಬೂತ್‌ವಾರು ಎಣಿಸುತ್ತೇನೆ. ತೀರಿಕೊಂಡವರು, ಸ್ಥಳ ಬದಲಿಸಿದವರು, ಎರಡು ಸಲ ಬಂದವರು ಎಂಬ ಕಾರಣದ ಗುರುತು ಪಟ್ಟಿಯಲ್ಲೇ ಇರುತ್ತದೆ. ಅಕ್ಕಪಕ್ಕದ ಬೂತುಗಳಿಗಿಂತ ಒಂದೇ ಬೂತಿನಲ್ಲಿ ‘ಸ್ಥಳ ಬದಲಾವಣೆ’ ವಿಪರೀತ ಹೆಚ್ಚಿದ್ದರೆ ಅಲ್ಲಿಗೆ ಜನ ಹೋಗಿ ಮನೆ ಬಾಗಿಲಲ್ಲಿ ಕೇಳಲೇಬೇಕು. ಇದು ಅತಿಯಾದ ಅನುಮಾನ ಅನ್ನಿಸಿದರೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರವನ್ನು ನೋಡಿ: 2023ರ ಚುನಾವಣೆಗೆ ಮುನ್ನ ಹೆಸರು ಅಳಿಸಲು ಆನ್‌ಲೈನ್‌ನಲ್ಲಿ ಬಂದ 6,018 ಅರ್ಜಿಗಳಲ್ಲಿ ಪರಿಶೀಲನೆ ಬಳಿಕ ಸರಿಯಾಗಿದ್ದದ್ದು 24 ಮಾತ್ರ. ಅಲ್ಲೇ ವಾಸವಿದ್ದೂ ಹೆಸರು ಹೋದವರಿಂದ ಹೆಸರು ಸೇರಿಸುವ ಅರ್ಜಿ, ಅಂದರೆ ಫಾರಂ 6 ತುಂಬಿಸಬೇಕು. ನಾಮಪತ್ರ ಸಲ್ಲಿಕೆಯ ಕೊನೆ ದಿನದವರೆಗೆ ಕಾದು ಕೂತರೆ ಸೇರಿಸಲು ಸಮಯವಿರುವುದಿಲ್ಲ.

ಆಮೇಲೆ ಫಾರಂ 20, ಅಂದರೆ ಬೂತ್‌ವಾರು ಫಲಿತಾಂಶ. ಇಲ್ಲಿ ಎಲ್ಲರೂ ಬೀಳುವ ಗುಂಡಿ ಬೂತ್ ಸಂಖ್ಯೆ. ಎರಡು ಚುನಾವಣೆಗಳ ನಡುವೆ ಬೂತ್ ಒಡೆಯುತ್ತವೆ, ಕೂಡುತ್ತವೆ, ಸಂಖ್ಯೆ ಸರಿಯುತ್ತದೆ. 2018ರ 112ನೇ ಬೂತು 2023ರ 112 ಆಗಿರಬೇಕೆಂದಿಲ್ಲ. ಶಾಲೆಯ ಹೆಸರು, ಕೊಠಡಿ, ಸೇರಿದ ಬೀದಿಗಳು ಇವನ್ನು ನೋಡಿಯೇ ಜೋಡಿಸಬೇಕು. ವಿಧಾನಸಭೆ, ಲೋಕಸಭೆ ಅಂಕಿಗಳನ್ನು ಬೆರೆಸಿ ಸರಾಸರಿ ತೆಗೆಯುವುದಂತೂ ಕರ್ನಾಟಕದಲ್ಲಿ ಶುದ್ಧ ತಪ್ಪು. 2023ರಲ್ಲಿ ಕಾಂಗ್ರೆಸ್‌ಗೆ 135 ಸ್ಥಾನ ಕೊಟ್ಟ ರಾಜ್ಯ ಮರುವರ್ಷ ಲೋಕಸಭೆಗೆ 28ರಲ್ಲಿ ಕೊಟ್ಟದ್ದು 9.

ಭಾಷಾ ಮಾಡೆಲ್‌ಗಳನ್ನು (ಚಾಟ್‌ಜಿಪಿಟಿಯಂಥ ಎಐಗಳನ್ನು) ನಾನು ಬಳಸುವುದು ಕಾರ್ಯಕರ್ತರ ವಾಯ್ಸ್ ನೋಟ್‌ಗಳನ್ನು ಬರಹಕ್ಕಿಳಿಸಿ, ದೂರುಗಳನ್ನು ವಿಂಗಡಿಸಲು. ಕನಿಷ್ಠ ನೂರು ದೂರುಗಳನ್ನು ಮೊದಲು ಊರಿನವರೊಬ್ಬರಿಂದ ವಿಂಗಡಿಸಿ, ಯಂತ್ರದ ಉತ್ತರದ ಜೊತೆ ತಾಳೆ ನೋಡಬೇಕು. ಮಂಡ್ಯದ ಕಡೆ ‘ನೀರು ಬಿಟ್ಟಿಲ್ಲ’ ಅಂದರೆ ನಾಲೆ ನೀರಿರಬಹುದು, ನಲ್ಲಿ ನೀರೂ ಇರಬಹುದು. ಒಂದಕ್ಕೆ ನೀರಾವರಿ ನಿಗಮ, ಇನ್ನೊಂದಕ್ಕೆ ಗ್ರಾಮ ಪಂಚಾಯ್ತಿ. ಮಾಡೆಲ್ ಎರಡನ್ನೂ ಕುಡಿಯುವ ನೀರಿಗೆ ಸೇರಿಸಿದರೆ ಅಭ್ಯರ್ಥಿ ರೈತರ ಮುಂದೆ ನಲ್ಲಿ ಬಗ್ಗೆ ಮಾತಾಡಿ ಬರುತ್ತಾರೆ.

ಹೆಸರು ನೋಡಿ ಜಾತಿ ಊಹಿಸುವ ಕಾಲಂ ಹಾಕಿ ಎಂದು ಪ್ರತಿ ಪ್ರಚಾರದಲ್ಲೂ ಕೇಳುತ್ತಾರೆ. ನಾನು ಹಾಕುವುದಿಲ್ಲ. ಊಹೆ ತಪ್ಪುತ್ತದೆ, ಪಟ್ಟಿ ಸೋರಿದರೆ ಅದು ಜನರಿಗೇ ಅಪಾಯ. ಪೂರ್ತಿ ಎಕ್ಸೆಲ್ ವಾಟ್ಸಾಪ್ ಗುಂಪಿಗೆ ಹೋಗಕೂಡದು, ಬೂತ್ ಏಜೆಂಟರಿಗೆ ಅವರ ಭಾಗದ ಪ್ರಿಂಟ್ ಮಾತ್ರ ಸಾಕು.

ಎಐ ದನಿಯ ಕರೆ ಮಾಡಿಸುವುದಾದರೆ ಎಂಸಿಎಂಸಿ (ಚುನಾವಣಾ ಜಾಹೀರಾತುಗಳನ್ನು ಪರಿಶೀಲಿಸುವ ಸಮಿತಿ) ಅನುಮತಿ ಮೊದಲೇ ಬೇಕು. ಚುನಾವಣಾ ಆಯೋಗದ 2025ರ ಸೂಚನೆಯಂತೆ ಆಡಿಯೋದ ಮೊದಲ ಶೇ 10ರಷ್ಟು ಹೊತ್ತು ‘ಇದು ಎಐ ಸೃಷ್ಟಿ’ ಎಂಬ ಗುರುತಿಗೇ ಮೀಸಲು. 30 ಸೆಕೆಂಡಿನ ಕರೆಗೆ 3 ಸೆಕೆಂಡ್. ಖರ್ಚು ಅಭ್ಯರ್ಥಿಯ ಲೆಕ್ಕಕ್ಕೆ ಸೇರುತ್ತದೆ, ಆ ಒಟ್ಟು ಲೆಕ್ಕದ ಮಿತಿ 40 ಲಕ್ಷ ರೂಪಾಯಿ.

ಮತದಾನ ಮುಗಿದ ಸಂಜೆ ಪ್ರತಿ ಏಜೆಂಟರೂ ಫಾರಂ 17ಸಿ ಪ್ರತಿ ಇಸಿದುಕೊಂಡೇ ಹೊರಡಬೇಕು. ಬಿದ್ದ ಓಟಿನ ಆ ಲೆಕ್ಕವನ್ನು ಎಣಿಕೆ ದಿನ ಮತಯಂತ್ರ ತೋರಿಸುವ ಮೊತ್ತದೊಡನೆ ಬೂತ್‌ವಾರು ತಾಳೆ ನೋಡುತ್ತೇನೆ.