ಮಳೆಗಾಲ ದಾಟಿಸುವ ನೆರವು: ಕರಾವಳಿಯ ಸಾರಿಗೆ ನವೋದ್ಯಮದ ಜೊತೆ ನಿಲ್ಲುವ ಬಗೆ

ವಿದ್ಯುತ್ ಆಟೊ, ಬಾಡಿಗೆ ಇ-ಸೈಕಲ್, ಬ್ಯಾಟರಿ ಬದಲಾಯಿಸುವ ಕೇಂದ್ರ, ಬಸ್ಸು ಎಲ್ಲಿದೆ ಎಂದು ತಿಳಿಸುವ ಆ್ಯಪ್ ಮುಂತಾದವುಗಳನ್ನು ಕಟ್ಟಲು ಹೊರಟ ಯುವಕ ಯುವತಿಯರು ಮಂಗಳೂರು, ಉಡುಪಿ, ಮಣಿಪಾಲಗಳಲ್ಲಿ ಆಗಾಗ ಸಿಗುತ್ತಾರೆ. ಅವರಿಗೆ ನೆರವಾಗಬೇಕೆಂದು ಬಯಸುವ ಕಾಲೇಜಿನ ಆಡಳಿತ ಮಂಡಳಿಯವರು, ಬಸ್ಸು ಮಾಲಕರು, ಫ್ಲ್ಯಾಟಿನ ನಿವಾಸಿಗಳು, ಗಲ್ಫಿನಿಂದ ಉಳಿತಾಯದೊಂದಿಗೆ ಮರಳಿದವರು ಸಾಮಾನ್ಯವಾಗಿ ಮೊದಲು ಯೋಚಿಸುವುದು ಹಣ ಹೂಡುವ ಬಗ್ಗೆ, ಇಲ್ಲವೇ ಸ್ಪರ್ಧೆಯಿಟ್ಟು ಬಹುಮಾನ ಕೊಡುವ ಬಗ್ಗೆ. ಇವೆರಡೂ ಆಮೇಲಿನ ಮಾತು. ಇಲ್ಲಿಯ ನವೋದ್ಯಮಕ್ಕೆ ಮೊದಲು ಬೇಕಾಗಿರುವುದು ದುಡ್ಡು ಕೊಟ್ಟು ಬಳಸುವ ಒಬ್ಬ ಗಿರಾಕಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪ್ರಯೋಗ ಮಾಡಿ ನೋಡಲು ಒಂದು ದಾರಿ.

ಯಾರಿಗೆ ನೆರವಾಗಬೇಕು ಎಂಬುದನ್ನು ಮೊದಲು ಗಟ್ಟಿ ಮಾಡಿಕೊಳ್ಳಿ. ಈ ಊರುಗಳ ಓಡಾಟ ನಿಂತಿರುವುದು ಖಾಸಗಿ ಸಿಟಿ ಬಸ್ಸು ಮತ್ತು ಊರಿಂದೂರಿಗೆ ಹೋಗುವ ಸರ್ವಿಸ್ ಬಸ್ಸುಗಳ ಮೇಲೆ. ಆದ್ದರಿಂದ ನಾನು ಕೇಳುವ ಮೊದಲ ಪ್ರಶ್ನೆಯೆಂದರೆ, ಈ ಯೋಜನೆ ಬಸ್ಸಿಗೆ ಜನರನ್ನು ತಂದುಕೊಡುತ್ತದೆಯೇ, ಬಸ್ಸಿನಿಂದ ಇಳಿಸಿಕೊಂಡು ಹೋಗುತ್ತದೆಯೇ ಎಂಬುದು. ಸ್ಟೇಟ್ ಬ್ಯಾಂಕ್‌ ಬಸ್ಸು ನಿಲ್ದಾಣದಿಂದ ಹೊರಟು ತುಂಬಿ ಹೋಗುವ ಬಸ್ಸಿನ ಪಕ್ಕದಲ್ಲೇ ಇನ್ನಷ್ಟು ಸಣ್ಣ ವಾಹನ ಓಡಿಸುವುದು, ಅವು ಬ್ಯಾಟರಿಯವೇ ಆದರೂ, ಹಂಪನಕಟ್ಟೆಯ ದಟ್ಟಣೆಯನ್ನು ಕಡಿಮೆ ಮಾಡುವುದಿಲ್ಲ. ಅದರ ಬದಲು ಮಂಗಳೂರು ಜಂಕ್ಷನ್ ನಿಲ್ದಾಣದಲ್ಲಿ ರೈಲು ಇಳಿದವರನ್ನು ಬಸ್ಸಿನ ದಾರಿಗೆ ತಲುಪಿಸುವ, ಇಂದ್ರಾಳಿಯ ರೈಲು ನಿಲ್ದಾಣದಿಂದ ಉಡುಪಿ ಪೇಟೆಗೆ ಅಥವಾ ಮೇಲಿನ ಮಣಿಪಾಲಕ್ಕೆ ಒಯ್ಯುವ, ಇಲ್ಲವೇ ಬಸ್ಸು ಹೊರಡುವ ಹೊತ್ತನ್ನು ನಂಬುವ ಹಾಗೆ ತಿಳಿಸುವ ಕೆಲಸ ಸಣ್ಣದಾಗಿ ಕಂಡರೂ ಹೆಚ್ಚು ಬೆಲೆಯುಳ್ಳದ್ದು.

ಆರಿಸಿದ ಮೇಲೆ ಆರ್ಡರು ಕೊಡಿ. ಪುಕ್ಕಟೆ ಪ್ರಯೋಗ ಕೇಳಬೇಡಿ. ಪುಕ್ಕಟೆ ಸಿಕ್ಕಿದ್ದನ್ನು ನಾವು ಸರಿಯಾಗಿ ಬಳಸುವುದೂ ಇಲ್ಲ, ಸರಿಯಾಗಿ ದೂರುವುದೂ ಇಲ್ಲ. ಉದಾಹರಣೆಗೆ, ಮನೆಮನೆಗೆ ಸಾಮಾನು ತಲುಪಿಸುವ ಅಂಗಡಿಯ ಒಂದು ಸ್ಕೂಟರು ದಿನಕ್ಕೆ 60 ಕಿಲೋಮೀಟರ್ ಓಡುತ್ತದೆ ಎಂದಿಟ್ಟುಕೊಳ್ಳಿ. ಲೀಟರಿಗೆ 45 ಕಿಲೋಮೀಟರ್ ಕೊಡುವ ಪೆಟ್ರೋಲ್ ಗಾಡಿಗೆ ಒಂದೂಕಾಲು ಲೀಟರಿಗಿಂತ ಹೆಚ್ಚು ಬೇಕು. ವಿದ್ಯುತ್ ಸ್ಕೂಟರಿಗೆ ಸುಮಾರು 2 ಯೂನಿಟ್ ಸಾಕು. ಈ ವ್ಯತ್ಯಾಸದಲ್ಲಿ ಒಂದು ಪಾಲು ಬಾಡಿಗೆಯಾಗಿ ನವೋದ್ಯಮಕ್ಕೆ ಹೋದರೂ ಅಂಗಡಿಗೆ ನಷ್ಟವಿಲ್ಲ. ಐದು ಗಾಡಿ, ಆರು ತಿಂಗಳು, ತಿಂಗಳ ಬಾಡಿಗೆ ಇಷ್ಟು, ಕೆಟ್ಟರೆ ಎಷ್ಟು ಗಂಟೆಯೊಳಗೆ ಬದಲಿ ಗಾಡಿ, ಅಪಘಾತವಾದರೆ ವಿಮೆ ಯಾರದು, ಓಡಾಟದ ಮಾಹಿತಿ ಯಾರ ಸೊತ್ತು ಎಂಬಷ್ಟನ್ನು ಎರಡು ಪುಟದ ಕಾಗದದಲ್ಲಿ ಬರೆದು ಸಹಿ ಹಾಕಿದರೆ ಸಾಕು.

ಆ ಆರು ತಿಂಗಳಲ್ಲಿ ಮಳೆಗಾಲ ಸೇರಿರಲೇಬೇಕು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ, ಗಾಳಿಯಲ್ಲಿ ಉಪ್ಪಿರುವ ಊರಿದು. ಬಯಲುಸೀಮೆಯಲ್ಲಿ ಪಾಸಾದ ಗಾಡಿ ಇಲ್ಲಿ ಪಾಸಾಗಬೇಕೆಂದಿಲ್ಲ. ಬ್ಯಾಟರಿಯ ಸುರಕ್ಷತೆಗೆ ಎಐಎಸ್-156 ಮಾನದಂಡವಿದೆ. ಐಪಿ67 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದ್ದರೂ ಒಳಗೆ ನೀರು ಹೋಗಬಾರದು ಎಂದರ್ಥ. ಇವುಗಳ ಪ್ರಮಾಣಪತ್ರ ಕೇಳಿ ಪಡೆಯಿರಿ, ಆದರೆ ಅಲ್ಲಿಗೇ ನಿಲ್ಲಬೇಡಿ. ನಮ್ಮ ವಸತಿ ಸಮುಚ್ಚಯದಲ್ಲಿ ಒಂದು ನವೋದ್ಯಮದ ಹುಡುಗರಿಂದ ಹಾಕಿಸಿದ ಚಾರ್ಜಿಂಗ್ ಪೆಟ್ಟಿಗೆ ಪಶ್ಚಿಮಕ್ಕೆ ಮುಖ ಮಾಡಿತ್ತು. ಆಟಿ ತಿಂಗಳು (ಜುಲೈ-ಆಗಸ್ಟ್) ಮುಗಿಯುವಷ್ಟರಲ್ಲಿ ಅದರ ಹಿತ್ತಾಳೆಯ ಪಿನ್ನುಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಬೆರಳಿನಿಂದ ಉಜ್ಜಿದರೆ ಪುಡಿ ಬರುತ್ತಿತ್ತು, ಪ್ಲಗ್ ಬಿಸಿಯಾಗುತ್ತಿತ್ತು. ಪೆಟ್ಟಿಗೆಯನ್ನು ಒಳಗೋಡೆಗೆ ಸರಿಸಿ, ರಬ್ಬರಿನ ಮುಚ್ಚಳ ಹಾಕಿಸಿದ ಮೇಲೆ ತೊಂದರೆ ನಿಂತಿತು. ಖರ್ಚು ಹೆಚ್ಚೇನಲ್ಲ, ಆದರೆ ಆ ಮಳೆಗಾಲವಿಲ್ಲದೆ ಆ ಹುಡುಗರಿಗೆ ಇದು ಗೊತ್ತಾಗುತ್ತಿರಲಿಲ್ಲ. ಹಾಗೆಯೇ ಕಂಡಕ್ಟರ್ ಬಳಸುವ ಯಂತ್ರವಾದರೆ ಒದ್ದೆ ಬೆರಳಿನಲ್ಲಿ, ಒಂದು ಕೈ ಕಂಬಿಯ ಮೇಲಿರುವಾಗ, ಬಾಯಲ್ಲಿ ಸೀಟಿ ಇರುವಾಗ ಅದು ಕೆಲಸ ಮಾಡುತ್ತದೆಯೇ ಎಂದು ಬಸ್ಸಿನಲ್ಲೇ ನಿಂತು ನೋಡಬೇಕು. ಏರು ಹತ್ತುವ ಶಕ್ತಿಗೆ ಉಡುಪಿಯಿಂದ ಮಣಿಪಾಲದ ರಸ್ತೆ, ನಿಂತ ನೀರಿಗೆ ಮಂಗಳೂರಿನ ಕೊಟ್ಟಾರ ಚೌಕಿ, ಇವೆರಡಕ್ಕಿಂತ ಕಟ್ಟುನಿಟ್ಟಾದ ಪರೀಕ್ಷಕರು ಬೇರೆ ಬೇಕಾಗಿಲ್ಲ.

ಬಿಲ್ಲನ್ನು ಹೊತ್ತಿಗೆ ಸರಿಯಾಗಿ ಕೊಡುವುದು ನೆರವಿನಲ್ಲೇ ದೊಡ್ಡ ನೆರವು. ಇದರಲ್ಲಿ ತಪ್ಪು ನಮ್ಮದೂ ಇದೆ: ಅದೇ ಪೆಟ್ಟಿಗೆಯ ಬಾಕಿಯನ್ನು ಸಂಘದ ಮಹಾಸಭೆ ಕಳೆಯಲಿ ಎಂದು ನಾಲ್ಕು ತಿಂಗಳು ಇಟ್ಟುಕೊಂಡೆವು, ಅಷ್ಟರಲ್ಲಿ ಆ ಹುಡುಗರ ಇದ್ದೊಬ್ಬ ತಂತ್ರಜ್ಞ ಬೇರೆ ಕೆಲಸ ಹಿಡಿದಿದ್ದ. 2006ರ ಎಂಎಸ್‌ಎಂಇ (ಕಿರು, ಸಣ್ಣ ಮತ್ತು ಮಧ್ಯಮ ಉದ್ದಿಮೆ) ಕಾಯ್ದೆಯ ಪ್ರಕಾರ, ನೋಂದಾಯಿತ ಕಿರು ಮತ್ತು ಸಣ್ಣ ಉದ್ದಿಮೆಯಿಂದ ಸರಕು ಅಥವಾ ಸೇವೆ ಪಡೆದವರು ಹಣ ಕೊಡಲು ಲಿಖಿತ ಒಪ್ಪಂದವಿದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ಆದ್ದರಿಂದ ನವೋದ್ಯಮದವರಿಂದ ಮೊದಲು ಉದ್ಯಮ್ ನೋಂದಣಿ, ಅಂದರೆ ಈ ಕಾಯ್ದೆಯ ಕೆಳಗಿನ ನೋಂದಣಿ ಮಾಡಿಸಿ.

ಪರವಾನಿಗೆಯ ವಿಷಯದಲ್ಲಿ ಊರಿನ ಹಿರಿಯರ ನೆರವು ಬೇಕೇ ಬೇಕು. ಮೋಟಾರಿನ ಶಕ್ತಿ 250 ವ್ಯಾಟಿಗಿಂತ ಕಡಿಮೆಯಿದ್ದು, ವೇಗ ಗಂಟೆಗೆ 25 ಕಿಲೋಮೀಟರ್ ಮೀರದ ಇ-ಸೈಕಲ್‌ಗಳಿಗೆ ನೋಂದಣಿ ಬೇಡ. ಅದಕ್ಕಿಂತ ಮೇಲಿನದೆಲ್ಲ ಆರ್‌ಟಿಒ ಬಾಗಿಲಿಗೆ ಹೋಗಬೇಕು. ನಿಯಮ ಬದಲಾದರೆ ವ್ಯಾಪಾರವೇ ಮುಳುಗಬಹುದು: ಕರ್ನಾಟಕದಲ್ಲಿ 2021ರಲ್ಲಿ ಬಂದ ವಿದ್ಯುತ್ ಬೈಕ್ ಟ್ಯಾಕ್ಸಿ ಯೋಜನೆಯನ್ನು ಸರಕಾರವೇ 2024ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡಿತು. ಹಾಗಾಗಿ ಆಟೊ ಚಾಲಕರ ಸಂಘದವರನ್ನೂ ಬಸ್ಸು ಮಾಲಕರನ್ನೂ ಉದ್ಘಾಟನೆಯ ದಿನ ಕರೆಯುವುದಲ್ಲ, ಕಾಗದ ಬರೆಯುವ ಮೊದಲೇ ಕೂರಿಸಿ ಮಾತನಾಡಿಸಬೇಕು. ಅವರ ಪರಿಚಯವಿರುವುದು ನಿಮಗೆ, ಆ ಹುಡುಗರಿಗಲ್ಲ.

ಇನ್ನು ಹಣ. ಬಾಡಿಗೆಯ ಆದಾಯ ಕಾಣಿಸಿಕೊಂಡ ಮೇಲೆ ಅವರನ್ನು ಸುರತ್ಕಲ್‌ನ ಎನ್‌ಐಟಿಕೆಯ ಸ್ಟೆಪ್, ನಿಟ್ಟೆಯ ಅಟಲ್ ಇನ್‌ಕ್ಯುಬೇಶನ್ ಸೆಂಟರ್ ಮುಂತಾದ ಪೋಷಣಾ ಕೇಂದ್ರಗಳಿಗೆ ಕರೆದುಕೊಂಡು ಹೋಗಿ. ಕೇಂದ್ರ ಸರಕಾರ 2021ರಲ್ಲಿ ಆರಂಭಿಸಿದ ಸೀಡ್ ಫಂಡ್ ಯೋಜನೆ ಇಂಥ ಕೇಂದ್ರಗಳ ಮೂಲಕವೇ ಮಾದರಿ ತಯಾರಿಸಲು 20 ಲಕ್ಷ ರೂಪಾಯಿಯವರೆಗೆ ಅನುದಾನ ಕೊಡುವಂತೆ ರೂಪಿಸಲ್ಪಟ್ಟಿತ್ತು; ಈಗ ಅದು ಚಾಲ್ತಿಯಲ್ಲಿದೆಯೇ ಎಂದು ಅಲ್ಲಿಯೇ ಕೇಳಿ. ರಾಜ್ಯದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗಿನ ಅನುದಾನವಿದೆ. ಒಡೆತನ ಒಬ್ಬರದೇ ಆದ ಅಂಗಡಿಯಂಥ ಸಂಸ್ಥೆಗೆ ನವೋದ್ಯಮವೆಂದು ಕೇಂದ್ರದ ಕೈಗಾರಿಕೆ ಉತ್ತೇಜನ ಇಲಾಖೆ (ಡಿಪಿಐಐಟಿ) ಕೊಡುವ ಮಾನ್ಯತೆ ಸಿಗದು. ಪ್ರೈವೇಟ್ ಲಿಮಿಟೆಡ್ ಕಂಪನಿ, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ), ನೋಂದಾಯಿತ ಪಾಲುದಾರಿಕೆ ಮುಂತಾದ ರೂಪದ್ದಾಗಿರಬೇಕು. ನೀವೇ ಹಣ ಹಾಕುವುದಾದರೆ ನೆಂಟರು, ಗಲ್ಫಿನ ಗೆಳೆಯರಿಂದ ಐವತ್ತು ಸಾವಿರ, ಲಕ್ಷ ಎಂದು ಠೇವಣಿಯ ಹಾಗೆ ಒಟ್ಟುಮಾಡಬೇಡಿ. ಖಾಸಗಿ ಕಂಪನಿ ಸಾರ್ವಜನಿಕರಿಂದ ಠೇವಣಿ ಪಡೆಯುವಂತಿಲ್ಲ; ಲೆಕ್ಕಪರಿಶೋಧಕರನ್ನು ಕೇಳಿ ಷೇರಿನ ರೂಪದಲ್ಲೇ ಹಾಕಿ.

ಕೊನೆಯದಾಗಿ ಗಾಡಿ ರಿಪೇರಿ ಮಾಡುವ ಕೈ. ಕದ್ರಿಯ ಕರ್ನಾಟಕ ಪಾಲಿಟೆಕ್ನಿಕ್, ಐಟಿಐಗಳಿಂದ ಇಬ್ಬರು ವಿದ್ಯಾರ್ಥಿಗಳನ್ನು ಆರು ತಿಂಗಳಿಗೆ ತರಬೇತಿ ಭತ್ಯೆಯ ಮೇಲೆ ಅಲ್ಲಿ ಇರಿಸಿ. ಆ ಭತ್ಯೆಯನ್ನು ನಿಮ್ಮ ಸಂಸ್ಥೆಯೇ ಕೊಡಲಿ. ಬ್ಯಾಟರಿಯ ಪೆಟ್ಟಿಗೆ ಬಿಚ್ಚಿ, ಮಲ್ಟಿಮೀಟರ್ ಹಿಡಿದು, ಯಾವ ಸೆಲ್ ಸೋತಿದೆ ಎಂದು ಹುಡುಕಬಲ್ಲವರು ಊರಿನಲ್ಲೇ ಸಿಕ್ಕರೆ ಕೆಟ್ಟ ಗಾಡಿ ಬೆಂಗಳೂರಿನಿಂದ ಜನ ಬರುವವರೆಗೆ ಮೂಲೆಯಲ್ಲಿ ನಿಲ್ಲಬೇಕಾಗಿಲ್ಲ. ಮಾರ್ಚ್‌ನಲ್ಲಿ ಈ ಮಾತುಕತೆ ಶುರುಮಾಡಿದರೆ ಮೊದಲ ಮಳೆಗೆ ಐದು ಗಾಡಿ ರಸ್ತೆಗೆ ಇಳಿಸಬಹುದು.